ಎರಡು ಗಂಟೆ ಹಳೆಯ ಉತ್ತರ

ಸುಮಿತ್ರಕ್ಕ, ಆ ದಿನದ ತಪ್ಪು ನಿಮ್ಮದಲ್ಲ, ನನ್ನದು. ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ — ಇಷ್ಟು ವರ್ಷ.

ತೊಂಬತ್ತರ ದಶಕದ ಆರಂಭ. ಪರೇಲಿನ ನಮ್ಮ ಆಸ್ಪತ್ರೆಗೆ ಆಗಷ್ಟೇ ಕಂಪ್ಯೂಟರ್ ಬಂದಿತ್ತು. ನೀವು ವಿಚಾರಣೆ ಕೌಂಟರಿನಲ್ಲಿ. ಯಂತ್ರ ನೋಡಿಕೊಳ್ಳುವವನು ನಾನು — ವಿಲೆ ಪಾರ್ಲೆಯಿಂದ ಇಸ್ತ್ರಿ ಅಂಗಿ ತೊಟ್ಟು ಲೋಕಲ್ ರೈಲಿನಲ್ಲಿ ಬರುತ್ತಿದ್ದ, ತನಗೆಲ್ಲ ಗೊತ್ತು ಅಂದುಕೊಂಡಿದ್ದ ಮೈಸೂರಿನವನು. ವಾರ್ಡಿನವರು ಬರೆದಿಡುತ್ತಿದ್ದ ಸುದ್ದಿಯನ್ನು ಒಳಗಿನ ದೊಡ್ಡ ಯಂತ್ರದಿಂದ ಪ್ರತಿ ಸಲ ತರಿಸಿದರೆ ನಿಮ್ಮ ಪರದೆ ನಿಮಿಷಗಟ್ಟಲೆ ಖಾಲಿ. ಅದಕ್ಕೇ ಒಮ್ಮೆ ತಂದ ಉತ್ತರವನ್ನು ಕೌಂಟರಿನ ಯಂತ್ರ ತನ್ನಲ್ಲೇ ಇಟ್ಟುಕೊಂಡು, ಮತ್ತೆ ಕೇಳಿದಾಗ ಅದನ್ನೇ ತೋರಿಸುತ್ತಿತ್ತು. ಎಷ್ಟು ಹೊತ್ತು ಇಟ್ಟುಕೊಳ್ಳಬೇಕೆಂದು ನಿಗದಿ ಮಾಡುವವನು ನಾನು. ಭೇಟಿಯ ವೇಳೆಗೆ ಒಂದು ವಾರ, ವಾರ್ಡಿನ ನಂಬರಿಗೆ ಅರ್ಧ ದಿನ, ರೋಗಿಯ ಸ್ಥಿತಿಗೆ — ಹತ್ತೇ ನಿಮಿಷ. ಅಕ್ಕಿ ಕೆಡದೆ ಇರುವಷ್ಟು ದಿನ ಹಾಲು ಇರುವುದಿಲ್ಲವಲ್ಲ, ಹಾಗೆ.

ಟ್ರಸ್ಟಿಗಳು ಯಂತ್ರ ನೋಡಲು ಬಂದ ಬೆಳಿಗ್ಗೆ ಆ ಹತ್ತು ನಿಮಿಷವನ್ನು ಎರಡು ಗಂಟೆ ಮಾಡಿದೆ. ಪರದೆ ತಡವರಿಸಿ ಅವರೆದುರು ನನ್ನ ಮಾನ ಹೋಗಬಾರದು — ಅಷ್ಟೇ ಕಾರಣ. ಅವರು ಬೆನ್ನು ತಟ್ಟಿದರು. ಉಬ್ಬಿಹೋದ ನಾನು ಅದನ್ನು ಮೊದಲಿನಂತೆ ಮಾಡುವುದನ್ನೇ ಮರೆತೆ.

ಅದೇ ಮಧ್ಯಾಹ್ನ ಬೈಕುಲ್ಲಾದ ಆ ಹೆಂಗಸು ಬಂದು ಗಂಡನ ಬಗ್ಗೆ ವಿಚಾರಿಸಿದರು. ಭೇಟಿಯ ವೇಳೆ ಆಗಿರಲಿಲ್ಲ. ಸೀರಿಯಸ್ ಇದ್ದವರ ಮನೆಯವರನ್ನು ಮಾತ್ರ ಮೊದಲೇ ಒಳಗೆ ಬಿಡುತ್ತಿದ್ದರು. ಪರದೆ ‘ಸ್ಟೇಬಲ್’ ಎಂದಿತು. “ಶಾಮ್ ಕೋ ಆನಾ,” ಎಂದಿರಿ ನೀವು, ಸಮಾಧಾನದ ದನಿಯಲ್ಲಿ. ವಾರ್ಡಿನವರು ‘ಸೀರಿಯಸ್’ ಎಂದು ಬರೆದು ಆಗಲೇ ಒಂದು ಗಂಟೆಯಾಗಿತ್ತು; ನಿಮ್ಮ ಪರದೆ ತೋರಿಸಿದ್ದು ಅದಕ್ಕೂ ಹಿಂದಿನ ಉತ್ತರ. ಸಂಜೆ ಆಕೆ ಬರುವಷ್ಟರಲ್ಲಿ ಗಂಡ ತೀರಿಹೋಗಿದ್ದರು.

ಮರುದಿನ ದೊಡ್ಡ ಡಾಕ್ಟರು ನಮ್ಮಿಬ್ಬರನ್ನೂ ಕರೆಸಿದರು. ನೀವು ನನ್ನ ಕಡೆ ತಿರುಗಿ ನಮ್ಮ ಭಾಷೆಯಲ್ಲೇ ಅಂದಿರಿ: “ನಾ ಸ್ಕ್ರೀನ್ ನೋಡೇ ಹೇಳೀನ್ರಿ. ನೀವರ ಹೇಳ್ರಿ ಸರ.”

ಅಷ್ಟರಲ್ಲಿ ನಾನು ಎಲ್ಲ ಸರಿಪಡಿಸಿಟ್ಟಿದ್ದೆ. “ರೋಗಿಯ ಸ್ಥಿತಿ ಹತ್ತು ನಿಮಿಷಕ್ಕೊಮ್ಮೆ ಹೊಸದಾಗುತ್ತೆ, ಸರ್,” ಎಂದೆ. ಆ ಹೊತ್ತಿಗೆ ಅದು ನಿಜವೇ. ಅಂಥ ಸುಳ್ಳನ್ನು ನಾನು ಬದುಕಿನಲ್ಲಿ ಇನ್ನೊಂದು ಹೇಳಿಲ್ಲ. ನಿಮ್ಮನ್ನು ಕೌಂಟರಿನಿಂದ ತೆಗೆದು, ಹಾಸಿಗೆ ಬಟ್ಟೆ ಇಡುವ ಕೋಣೆಗೆ ಹಾಕಿದರು.

ವಾರ ಕಳೆದ ಮೇಲೆ ನೀವು ನನ್ನ ಮೇಜಿನ ಹತ್ತಿರ ಬಂದಿರಿ, ಹೊಸ ಕನ್ನಡಕ ಹಾಕಿಕೊಂಡು. “ನನ್ನ ಕಣ್ಣಽ ಮೋಸ ಮಾಡಿರಬೇಕ್ರಿ ಸರ. ಕಣ್ಣಿನ ಡಾಕ್ಟರು ಏನೂ ದೋಷ ಇಲ್ಲ ಅಂದ್ರು. ನಾನಽ ಹಠಾ ಮಾಡಿ ಮಾಡಿಸ್ಕೊಂಡೆ.” ಬೈಯಲಿಲ್ಲ, ನನ್ನ ಮೇಲೆ ಸಂಶಯವನ್ನೂ ಪಡಲಿಲ್ಲ. ಹೇಳಿಬಿಡಬೇಕು ಅನ್ನಿಸಿತು. ಆದರೆ ನಿಮಗೆ ಒಂದು ಚಹಾ ತರಿಸಿಕೊಟ್ಟೆ.

ನೆನೆದರೆ ನಾಚಿಕೆಯಾಗುತ್ತದೆ. ಕೆಲಸದ ಜಾಗ ಕಸಿದದ್ದಕ್ಕಿಂತ, ನಿಮ್ಮ ಕಣ್ಣನ್ನು ನೀವೇ ನಂಬದಂತೆ ಮಾಡಿದೆನಲ್ಲ — ಅದಕ್ಕೆ.

ಈ ಕಾಗದದ ಒಂದು ಪ್ರತಿಯನ್ನು ಆಸ್ಪತ್ರೆಗೂ ಕಳಿಸಿದ್ದೇನೆ. ಆ ಹೆಂಗಸಿನ ವಿಳಾಸ ಕೇಳಿದ್ದೇನೆ. ಭಾನುವಾರ ನಿಮ್ಮ ಮನೆಗೆ ಬರುತ್ತೇನೆ. ನೀವು ಬಾಗಿಲು ತೆರೆಯದಿದ್ದರೆ ಹೊರಗೇ ನಿಂತು, ಚಾಳಿನವರಿಗೆಲ್ಲ ಕೇಳುವಂತೆ ಹೇಳುತ್ತೇನೆ: ಆ ಮಧ್ಯಾಹ್ನ ಪರದೆಯ ಮೇಲೆ ‘ಸ್ಟೇಬಲ್’ ಅಂತಲೇ ಇತ್ತು. ನೀವು ಸರಿಯಾಗಿಯೇ ಓದಿದ್ದಿರಿ.