ಜಡ್ಜ್‌ಗೆ ಬಿಟ್ಟುಕೊಡದ ಹೆಸರು

ಮೊನ್ನೆ ಗರಾಜ್ ಗುಡಿಸುವಾಗ ಹಳೆಯ ಟೂಲ್‌ಬಾಕ್ಸ್‌ನ ತಳದಲ್ಲಿ ಒಂದು ಚಪ್ಪಟೆ ಪೆನ್ಸಿಲ್ ಸಿಕ್ಕಿತು. ಮರಗೆಲಸದವರು ಕಿವಿಗೆ ಸಿಕ್ಕಿಸಿಕೊಳ್ಳುವಂಥದ್ದು. ಮೂಗಿನ ಹತ್ತಿರ ಹಿಡಿದರೆ ಇನ್ನೂ ಮರದ ವಾಸನೆ... ಹುಬ್ಬಳ್ಳಿಯಲ್ಲಿ ನಮ್ಮಪ್ಪನ ಕಿವಿಯ ಮೇಲೂ ಇಂಥದೇ ಒಂದು ಇರುತ್ತಿತ್ತು. ಆದರೆ ಆಗ ನೆನಪಾದದ್ದು ಅಪ್ಪ ಅಲ್ಲ, ಒಂದು ಮೊಳೆಯನ್ನೂ ನೆಟ್ಟಗೆ ಹೊಡೆಯಲು ಬಾರದ ನಮ್ಮ ಜರ್ಮನ್ ಮೇಷ್ಟ್ರು.

ರಿಸೆಷನ್ ಕಾಲ. ಡೆಟ್ರಾಯಿಟ್ ಸುತ್ತಮುತ್ತ ಮನೆಗೊಬ್ಬರು ಕೆಲಸ ಕಳೆದುಕೊಂಡು ಕೂತಿದ್ದರು. ನಮ್ಮ ಮನೆಯಿಂದ ನಾನು. ಒಂದು ಜರ್ಮನ್ ಕಂಪನಿ ಇನ್ನೂ ಇಂಜಿನಿಯರ್‌ಗಳನ್ನು ತೆಗೆದುಕೊಳ್ಳುತ್ತಿದೆ, ಭಾಷೆ ಬಂದರೆ ಅನುಕೂಲ ಎಂದು ಯಾರೋ ಹೇಳಿದರು. ಲೈಬ್ರರಿಯಲ್ಲಿ ಶನಿವಾರ ಪುಕ್ಕಟೆ ಜರ್ಮನ್ ಕ್ಲಾಸ್ ಇತ್ತು, ಹೋಗಿ ಸೇರಿಕೊಂಡೆ.

ಅದೇ ವಾರ ನನ್ನ ರೆಸ್ಯುಮೆ ನೋಡಿದ ಯಜಮಾನರು, "ಈ ಬಡಿಗೇರ ಯಾಕೆ? ನನ್ನ ಹೆಸರೇ ಹಾಕ್ಕೋ, ಚಿಕ್ಕದಾಗಿದೆ. ಎಚ್‌ಆರ್‌ನೋರಿಗೂ ಓದೋಕೆ ಈಸಿ" ಎಂದಿದ್ದರು. ಅವರು ಮೈಸೂರಿನವರು. ಅವರ ಮನೆತನದಲ್ಲಿ ಇನಿಷಿಯಲ್ ಉಂಟು, ಅಡ್ಡಹೆಸರಿಲ್ಲ. ನನಗೆ ಸಿಟ್ಟೇನೋ ಬಂತು. ಆದರೆ ಕೆಲಸವಿಲ್ಲದವಳ ಸಿಟ್ಟಿಗೆ ಬೆಲೆ ಎಷ್ಟು? ಅಳಿಸಲೂ ಆಗದೆ ಬಿಡಲೂ ಆಗದೆ ಕೂತಿದ್ದೆ.

ಮೊದಲ ದಿನ ಮೇಷ್ಟ್ರು ನನ್ನ ಹೆಸರಿನ ಅರ್ಥ ಕೇಳಿದರು. ಮರಗೆಲಸ ಮಾಡುವವರು ಎಂದೆ. ಅವರು ಟೇಬಲ್ ಕುಟ್ಟಿ ನಕ್ಕರು. ಅವರ ಜರ್ಮನ್ ಅಡ್ಡಹೆಸರಿಗೂ ಅದೇ ಅರ್ಥ! ಹಾಗಾಗಿ ಇಲ್ಲಿ ಅವರ ಹೆಸರನ್ನೂ ಬಡಿಗೇರ ಎಂದೇ ಬರೆಯುತ್ತೇನೆ.

ಅವರು ಪಾಠ ಮಾಡುವ ರೀತಿಯೇ ಬೇರೆ. ಜರ್ಮನಿಯ ಇತಿಹಾಸದಲ್ಲಿ ತಮ್ಮ ಹೆಸರು ಹೊತ್ತವರನ್ನೆಲ್ಲ ಹುಡುಕಿ ಹುಡುಕಿ ಇಟ್ಟುಕೊಂಡಿದ್ದರು. ಪ್ರತಿ ಶನಿವಾರ ಚೀಟಿ ಎತ್ತಬೇಕು, ಚೀಟಿಯಲ್ಲಿ ಬಂದವರಾಗಿ ಎದ್ದುನಿಂತು ಜರ್ಮನ್‌ನಲ್ಲಿ ಪರಿಚಯ ಹೇಳಿಕೊಳ್ಳಬೇಕು. "ನನ್ನ ಹೆಸರು ಬಡಿಗೇರ. ನಾನು ದೊರೆಯ ವಿರುದ್ಧ ದಂಗೆ ಎದ್ದ ರೈತ." "ನನ್ನ ಹೆಸರು ಬಡಿಗೇರ. ನಾನು ಸೂಲಗಿತ್ತಿ, ನನ್ನನ್ನು ಮಾಟಗಾತಿ ಎಂದು ಸುಟ್ಟರು." ವ್ಯಾಕರಣ ತಾನಾಗಿ ನಾಲಿಗೆಗೆ ಹತ್ತುತ್ತಿತ್ತು.

ಚೀಟಿಗಳಲ್ಲಿ ಒಬ್ಬ ಜಡ್ಜ್ ಕೂಡ ಇದ್ದ. ನಾಜಿಗಳ ಕಾಲದವನು. ಸರ್ಕಾರದ ಬಗ್ಗೆ ತಮಾಷೆ ಮಾಡಿದವರನ್ನೂ ಗಲ್ಲಿಗೆ ಕಳಿಸಿದವನು. ಅವನ ಚೀಟಿ ಬಂದದ್ದು ನಮ್ಮ ಜೊತೆಗಿದ್ದ, ಕೆಲಸ ಹೋಗಿದ್ದ ಒಬ್ಬ ಫ್ಯಾಕ್ಟರಿ ಕೆಲಸಗಾರನಿಗೆ. ಅವನ ದೊಡ್ಡಪ್ಪ ಆ ಯುದ್ಧದಲ್ಲೇ ಸತ್ತಿದ್ದನಂತೆ. "ನನ್ನ ಬಾಯಲ್ಲಿ ಆ ಹಾಳಾದವನ ಮಾತು ಆಡಲ್ಲ" ಎಂದು ಚೀಟಿ ಹರಿದು ಎದ್ದುಹೋದ. ದೂರೂ ಕೊಟ್ಟ. ಆ ಜಡ್ಜ್‌ನ ಚೀಟಿ ಕೈಬಿಡಿ, ಇಲ್ಲವೇ ರೂಮ್ ಬಿಡಿ ಎಂದರು ಲೈಬ್ರರಿಯವರು.

ಮೇಷ್ಟ್ರು ರೂಮ್ ಬಿಟ್ಟರು!

ನನಗೆ ಮೈ ಉರಿಯಿತು. ಇಂಟರ್‌ವ್ಯೂ ಹತ್ತಿರ ಬರುತ್ತಿದೆ, ಈ ಮನುಷ್ಯನಿಗೆ ಸತ್ತ ಜಡ್ಜ್‌ನದೇ ಚಿಂತೆ. "ಸರ್, ಒಬ್ಬನನ್ನ ಬಿಟ್ಟರೆ ಏನು ಗಂಟು ಹೋಗುತ್ತೆ?" ಎಂದು ಕೇಳಿಯೇಬಿಟ್ಟೆ.

ಅವರು ತಮ್ಮ ಕಥೆ ಹೇಳಿದರು. ಯುದ್ಧ ಮುಗಿದ ಮೇಲೆ ಪುಟ್ಟ ಹುಡುಗನಾಗಿ ಡೆಟ್ರಾಯಿಟ್‌ಗೆ ಬಂದವರು ಅವರು. ಜರ್ಮನ್ ಹೆಸರು ಕೇಳಿದೊಡನೆ ಸ್ಕೂಲಿನಲ್ಲಿ ಮಕ್ಕಳು ಉಗಿಯುತ್ತಿದ್ದರಂತೆ. ಇಂಗ್ಲಿಷ್ ಹೆಸರು ಇಟ್ಟುಕೊಳ್ಳಿ ಎಂದು ಊರೆಲ್ಲ ಬುದ್ಧಿ ಹೇಳಿತು. ನಿಜವಾಗಿಯೂ ಬಡಗಿಯಾಗಿದ್ದ ಅವರಪ್ಪ ಜಪ್ಪಯ್ಯ ಎನ್ನಲಿಲ್ಲ.

"ಅವನನ್ನ ಬಚ್ಚಿಟ್ಟರೆ ನಾನು ಸುಳ್ಳುಗಾರ ಆಗ್ತೀನಿ" ಎಂದರು ಕೊನೆಗೆ. "ಅವನಿಗೆ ಹೆದರಿ ಹೆಸರು ಬದಲಾಯಿಸಿದರೆ ಹೆಸರು ಅವನದಾಗಿಬಿಡುತ್ತೆ. ಅದು ಸೂಲಗಿತ್ತಿದು, ರೈತಂದು, ನಮ್ಮಪ್ಪಂದು. ಆ ಜಡ್ಜ್‌ಗೆ ನಾನು ಬಿಟ್ಟುಕೊಡಲ್ಲ."

ಉಳಿದ ಚಳಿಗಾಲವೆಲ್ಲ ಅವರ ಗರಾಜ್‌ನಲ್ಲೇ ಕ್ಲಾಸು. ಹೊರಗೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ, ಒಳಗೆ ಒಂದು ಸಣ್ಣ ಹೀಟರ್, ಕೋಟು ಬಿಚ್ಚದೆ ಕೂತ ನಾವು ಐದಾರು ಜನ. ಮೇಷ್ಟ್ರ ಆ ಮಾತು ಕೇಳಿದ ದಿನವೇ ಮನೆಗೆ ಬಂದು ಯಜಮಾನರಿಗೆ ಹೇಳಿದ್ದೆ, "ಬಡಿಗೇರ ಹಂಗ ಇರ್ತದ. ಓದಾಕ ಬರಲಿಲ್ಲಂದ್ರ ಕಲೀಲಿ." ಅವರು ನನ್ನ ಮುಖ ನೋಡಿ ಚಹಾ ಮಾಡಲು ಎದ್ದುಹೋದರು.

ಇಂಟರ್‌ವ್ಯೂ ಹಿಂದಿನ ದಿನ ಮೇಷ್ಟ್ರು ತಮ್ಮಪ್ಪನ ಈ ಪೆನ್ಸಿಲ್ ಕೊಟ್ಟರು. "ನಿನ್ನ ಹತ್ತಿರ ಇದ್ದರೆ ಮರ್ಯಾದೆ. ನನ್ನ ಕೈಲಿ ಇದಕ್ಕೂ ನಾಚಿಕೆ" ಎಂದು ನಕ್ಕರು. ಆ ಕೆಲಸ ನನಗೆ ಸಿಗಲಿಲ್ಲ. ವರ್ಷ ಕಳೆದ ಮೇಲೆ ಜರ್ಮನ್‌ನ ಒಂದಕ್ಷರವೂ ಬೇಕಿಲ್ಲದ ಬೇರೆ ಕಂಪನಿಯಲ್ಲಿ ಸಿಕ್ಕಿತು. ಬ್ಯಾಡ್ಜ್ ಮೇಲೆ ಮಾತ್ರ ನನ್ನ ಪೂರ್ತಿ ಹೆಸರಿತ್ತು.

ಆಮೇಲೆ ಕೆಲಸ, ಮನೆ, ಮಗಳ ಸ್ಕೂಲು... ಮೇಷ್ಟ್ರ ಮನೆಗೆ ಹೋಗುವುದು ಕಡಿಮೆಯಾಯಿತು. ಒಂದು ದಿನ ಅವರ ಮಗಳು ಫೋನ್ ಮಾಡಿದಳು.

ಅಂತ್ಯಕ್ರಿಯೆಯ ದಿನ ಅವಳು ನಮ್ಮನ್ನು ಒಂದೇ ಒಂದು ಕೇಳಿಕೊಂಡಳು: ಅಪ್ಪನ ಕ್ಲಾಸನ್ನು ಕೊನೆಯ ಸಲ ಮಾಡಿ. ಒಬ್ಬೊಬ್ಬರೇ ಎದ್ದರು. ರೈತ ಬಂದ, ಸೂಲಗಿತ್ತಿ ಬಂದಳು, ಗಂಟೆ ಎರಕ ಹೊಯ್ಯುವವನು ಬಂದ. ಜಡ್ಜ್ ಮಾತ್ರ ಯಾರಿಗೂ ಬೇಡವಾಗಿದ್ದ. ನಾನು ಎದ್ದೆ. "ನನ್ನ ಹೆಸರು ಬಡಿಗೇರ. ನಾನು ಜಡ್ಜ್. ನಗಿಸಿದವರನ್ನು ಗಲ್ಲಿಗೆ ಕಳಿಸಿದೆ. ನನಗೆ ಶಿಕ್ಷೆಯಾಗಲಿಲ್ಲ. ಪಿಂಚಣಿ ತಿಂದು ಸತ್ತೆ." ಒಂದು ಶಬ್ದವನ್ನೂ ನುಂಗಲಿಲ್ಲ.

ಆಗ ಹಿಂದಿನ ಸಾಲಿನಲ್ಲಿ ಕುರ್ಚಿ ಸದ್ದಾಯಿತು. ಅಂದು ಚೀಟಿ ಹರಿದು ಹೋಗಿದ್ದನಲ್ಲ, ಅದೇ ಫ್ಯಾಕ್ಟರಿ ಕೆಲಸಗಾರ. ಟೋಪಿ ಕೈಯಲ್ಲಿ ಹಿಡಿದು, ಮುರುಕಲು ಜರ್ಮನ್‌ನಲ್ಲಿ ಹೇಳಿದ: "ನನ್ನ ಹೆಸರು ಬಡಿಗೇರ. ನಾನು ಮೇಷ್ಟ್ರು."

ನಾನು ಅತ್ತದ್ದು ಆಗಲೇ.

ಈಗ ನನ್ನ ಜರ್ಮನ್ ತುಕ್ಕು ಹಿಡಿದಿದೆ, ತಿದ್ದುವವರು ಇಲ್ಲ. ಆ ಗರಾಜ್‌ನಲ್ಲಿ ಯಾರೋ ಎರಡು ಕಾರು ನಿಲ್ಲಿಸಿಕೊಂಡಿದ್ದಾರೆ. ಮೊನ್ನೆ ಚಾಕುವಿನಿಂದ ಪೆನ್ಸಿಲ್ ಹೆರೆದು, ಟೂಲ್‌ಬಾಕ್ಸ್‌ನ ಮರದ ಮುಚ್ಚಳದ ಮೇಲೆ ದೊಡ್ಡ ಅಕ್ಷರದಲ್ಲಿ ಬಡಿಗೇರ ಎಂದು ಬರೆದೆ. ಅವರದೋ ನನ್ನದೋ, ಕೇಳಿದವರಿಗೆ ಇಬ್ಬರದೂ ಎನ್ನುತ್ತೇನೆ.