ಮನ್ಮಥಣ್ಣನ ಕೊನೆಯ ಪ್ಯಾಕೇಜು

ಮನ್ಮಥಣ್ಣನವರ ಕಂಪ್ಯೂಟರು ಮಾತಾಡುವುದನ್ನು ಮೊದಲ ಸಲ ಕೇಳಿದವರು ಯಂತ್ರ ಕೆಟ್ಟಿದೆ ಎಂದೇ ತಿಳಿಯುತ್ತಿದ್ದರು. ಹಂಚಿನಲ್ಲಿ ಕಡಲೆ ಸಿಡಿದ ಹಾಗೆ ಪಟಪಟ ಸದ್ದು; ಒಂದು ಶಬ್ದವೂ ನಮ್ಮ ಕಿವಿಗೆ ದಕ್ಕುತ್ತಿರಲಿಲ್ಲ. ಅವರಿಗೆ ಎಲ್ಲವೂ ದಕ್ಕುತ್ತಿತ್ತು. ಒಂಬತ್ತನೆಯ ವಯಸ್ಸಿನಲ್ಲಿ ಜ್ವರ ಬಂದು ಅವರ ಕಣ್ಣು ಹೋಗಿತ್ತು. ಪರದೆಯ ಮೇಲಿನದನ್ನು ಓದಿ ಹೇಳುವ ಆ ದನಿಯ ವೇಗವನ್ನು ನಾಲ್ಕು ಪಟ್ಟು ಏರಿಸಿಕೊಂಡು, ತಲೆ ಒಂದು ಕಡೆ ವಾಲಿಸಿ, ಬಾಯಲ್ಲಿ ಅಡಿಕೆ ಚೂರು ಆಡಿಸುತ್ತ ಕೂತಿರುತ್ತಿದ್ದರು. "ಸಾವಕಾಶ ಇಡ್ರಿ ಅಣ್ಣಾ, ನಮಗೂ ತಿಳೀಲಿ" ಅಂದರೆ, "ನಿಮಗ ಕಣ್ಣ ಅವ, ಓದಕೋರಿ. ನನ್ನ ಟೈಮ್ ಯಾಕ ಹಾಳ ಮಾಡ್ತೀರಿ?" ಅನ್ನುತ್ತಿದ್ದರು.

ಮನೆಯವರದು ಮಹಾರಾಷ್ಟ್ರದ ಗಡಿಯ ನಿಲಂಗಾ ಪೇಟೆಯಲ್ಲಿ ಕಿರಾಣಿ ಅಂಗಡಿ. ಇವರು ಮಾತ್ರ ಉದಗೀರದ ಒಂದು ಕಾಲೇಜಿನಲ್ಲಿ ಗುತ್ತಿಗೆಯ ಮೇಲೆ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದರು. ಆಫೀಸಿಗೆ ಇ-ಮೇಲಿನಲ್ಲಿ ಬರುವ ಮರಾಠಿ ಪತ್ರಗಳನ್ನು ಓದಿ ಉತ್ತರ ಬರೆಯುವ ಕೆಲಸವೂ ಅವರದೇ. ನಾನು ತುರೋರಿಯವನು, ಉಮರ್ಗಾದಲ್ಲಿ ಕಂಪ್ಯೂಟರ್ ಮಾಸ್ತರ. ಉದಗೀರಕ್ಕೆ ಒಂದು ತರಬೇತಿಗೆ ಹೋಗಿದ್ದೆ. ಎಲ್ಲ ಮರಾಠಿಯಲ್ಲೇ ನಡೆದಿದ್ದ ಆ ಕೋಣೆಯಲ್ಲಿ ನನ್ನ ಯಂತ್ರ ನಿಂತುಬಿಟ್ಟಿತು. "ಅಯ್ಯ ಶಿವನ, ಮತ್ತ ಸತ್ತಿತಲ್ಲೋ ಇದು" ಅಂದೆ. ಹಿಂದಿನ ಸಾಲಿನಿಂದ ದನಿ ಬಂತು: "ಯಾವೂರಾಂವೋ ತಮ್ಮಾ ನೀ? ಈ ಕಡಿ ಬಾ." ಅಂದಿನಿಂದ ನಾನು ಅವರ ತಮ್ಮನಾದೆ.

ಕರುಣೆ ತೋರಿಸುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಒಮ್ಮೆ ಕಾಲೇಜಿನವರು ಸತ್ಕಾರ ಇಟ್ಟರು. ಮುಖ್ಯ ಅತಿಥಿ ಶಾಲು ಹೊದಿಸಿ, ಕಣ್ಣಿದ್ದವರೂ ಇವರನ್ನು ನೋಡಿ ನಾಚಬೇಕು ಎಂದು ಕಾಲು ಗಂಟೆ ಭಾಷಣ ಬಿಗಿದರು. ಮನ್ಮಥಣ್ಣ ಮೈಕು ಹಿಡಿದು, "ಶಾಲ ನಕೋ ಸಾಹೇಬ, ಲ್ಯಾಬಚಾ ಪಂಖಾ ದುರುಸ್ತ ಕರಾ" ಅಂದು ಕೂತುಬಿಟ್ಟರು. ಶಾಲು ಬೇಡ, ಲ್ಯಾಬಿನ ಫ್ಯಾನು ರಿಪೇರಿ ಮಾಡಿಸಿ ಅಂತ. ನಗಬೇಕೋ ಬಿಡಬೇಕೋ ಸಭೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಮುಂದಿನ ವಾರ ಫ್ಯಾನು ತಿರುಗಿತು.

ನಮ್ಮಿಬ್ಬರನ್ನು ಹತ್ತಿರ ತಂದದ್ದು ಒಂದು ಆಪರೇಟಿಂಗ್ ಸಿಸ್ಟಂ. ಜಗತ್ತಿನ ಮೂಲೆ ಮೂಲೆಯ ಸ್ವಯಂಸೇವಕರು ಕೂಡಿ ಕಟ್ಟಿ ಪುಕ್ಕಟೆ ಹಂಚುವಂಥದ್ದು. ಅದರೊಳಗೆ ಸಾವಿರಾರು ಪ್ರೋಗ್ರಾಂಗಳು. ಒಂದೊಂದನ್ನೂ ಗಂಟು ಕಟ್ಟಿ ಇಟ್ಟದ್ದಕ್ಕೆ ಪ್ಯಾಕೇಜು ಅನ್ನುತ್ತಾರೆ. ಒಂದೊಂದರ ಮೇಲೂ ಅದನ್ನು ಸಂಭಾಳಿಸುವವರ ಹೆಸರಿರುತ್ತದೆ. ಅವುಗಳಲ್ಲಿ ಬಹಳಷ್ಟು ಪೈಥಾನ್ ಭಾಷೆಯ ಎರಡನೆಯ ಆವೃತ್ತಿಯಲ್ಲಿ ಬರೆದವು. ಆ ಆವೃತ್ತಿಯ ಆಯುಷ್ಯ ಮುಗಿಯಿತು, ಎಲ್ಲವನ್ನೂ ಮೂರನೆಯದಕ್ಕೆ ತನ್ನಿ, ತರದೆ ಉಳಿದದ್ದನ್ನು ಸಿಸ್ಟಮಿನ ಮುಂದಿನ ಬಿಡುಗಡೆಗೆ ಮುಂಚೆ ಕಿತ್ತುಹಾಕುತ್ತೇವೆ ಎಂದು ಪ್ರಕಟಣೆ ಬಂತು. "ಬರದಾವ್ರು ಬಿಟ್ಟ ಹೋಗ್ಯಾರ, ನೋಡಾವ್ರು ಯಾರೂ ಇಲ್ಲ, ಅಂಥಾವ ಮೊದಲ ಹಿಡಿಯೋಣು" ಅಂದರು ಮನ್ಮಥಣ್ಣ. ಅವರು ಉದಗೀರದಲ್ಲಿ, ನಾನು ಉಮರ್ಗಾದಲ್ಲಿ, ಗತಿಗೋತ್ರ ಇಲ್ಲದ ಪ್ಯಾಕೇಜುಗಳನ್ನು ಹುಡುಕಿ ಹುಡುಕಿ ತಿದ್ದತೊಡಗಿದೆವು.

ಒಂದು ಪ್ಯಾಕೇಜು ಮೂರು ದಿನ ನನ್ನನ್ನು ಗೋಳು ಹೊಯ್ದುಕೊಂಡಿತು. ಯಾವ ಸಾಲು ಯಾವುದರೊಳಗೆ ಸೇರಿದ್ದು ಎಂದು ಪೈಥಾನ್ ತಿಳಿಯುವುದು ಸಾಲಿನ ಮುಂದಿನ ಖಾಲಿ ಜಾಗದಿಂದ. ಅಲ್ಲಿ ಟ್ಯಾಬನ್ನೂ ಸ್ಪೇಸನ್ನೂ ಬೆರೆಸಿದರೆ ಹಳೆಯ ಆವೃತ್ತಿ ಸಹಿಸಿಕೊಳ್ಳುತ್ತಿತ್ತು, ಹೊಸದು ಸಹಿಸುವುದಿಲ್ಲ. ನಾನು ಪ್ರತಿ ಟ್ಯಾಬಿಗೂ ನಾಲ್ಕು ಸ್ಪೇಸ್ ಹಾಕಿ, ಕಣ್ಣಳತೆಯಲ್ಲಿ ಸಾಲು ಸರಿ ಮಾಡಿದೆ. ಪ್ರೋಗ್ರಾಂ ಓಡಿತು, ಆದರೆ ಉತ್ತರ ತಪ್ಪು. ತಲೆ ಚಚ್ಚಿಕೊಂಡು ಉದಗೀರದ ಬಸ್ಸು ಹತ್ತಿದೆ. ಅವರ ಯಂತ್ರ ಖಾಲಿ ಜಾಗವನ್ನೂ ಬಿಡದೆ ಓದುತ್ತದೆ: ಎಂಟು ಸ್ಪೇಸ್, ಒಂದು ಟ್ಯಾಬ್, ಹೀಗೆ. ಹಳೆಯ ಪ್ರತಿಯನ್ನೂ ನನ್ನದನ್ನೂ ಐದು ನಿಮಿಷ ಕೇಳಿ ಅಡಿಕೆ ಉಗುಳಿದರು.

"ಹಳೇದ್ರಾಗ ಒಂದು ಟ್ಯಾಬಿಗಿ ಎಂಟು ಸ್ಪೇಸ್ ಲೆಕ್ಕ. ನೀ ನಾಕ ಹಾಕಿದಿ. ನಲವತ್ತನೇ ಸಾಲ ಲೂಪ್ ಬಿಟ್ಟು ಹೊರಗ ಬಿದ್ದದ."

"ನನಗ ಎಲ್ಲಾ ಒಂದೇ ಕಾಣಸ್ತಿತ್ತಲ್ರೀ ಅಣ್ಣಾ!"

"ಅದ ಹೇಳ್ತೀನಿ ಹುಚ್ಚಾ. ನೀ ಬರೇ ನೋಡತಿ."

ಅವರು ತಾವೇ ಬರೆದದ್ದು ಒಂದೇ ಒಂದು ಪ್ಯಾಕೇಜು. ಓದುವ ಆ ದನಿಗೆ ಇಂಗ್ಲಿಷು ಬಿಟ್ಟು ಬೇರೆ ಬರುತ್ತಿರಲಿಲ್ಲ. ಮರಾಠಿಯನ್ನೂ ಕನ್ನಡವನ್ನೂ, ಎರಡೂ ಒಂದೇ ಸಾಲಿನಲ್ಲಿ ಕಲೆತು ಬಂದರೂ, ಓದಲು ಅದಕ್ಕೆ ಕಲಿಸಿದ್ದು ಆ ಪ್ಯಾಕೇಜು. ಹೆಸರು ನೀಲವ್ವ. ಅದು ಅವರ ತಾಯಿಯ ಹೆಸರು. ಶಾಲೆಯ ಮರಾಠಿ ಪುಸ್ತಕವನ್ನು ಗಟ್ಟಿಯಾಗಿ ಓದಿ, ಕನ್ನಡದಲ್ಲಿ ಬಿಡಿಸಿ ಹೇಳಿ ಮಗನನ್ನು ದಡ ಮುಟ್ಟಿಸಿದಾಕೆ. ಕಾಲೇಜಿನ ಪತ್ರಗಳನ್ನು ಅವರು ಓದುತ್ತಿದ್ದುದು ಅದರಿಂದಲೇ. ಅದೂ ಎರಡನೆಯ ಆವೃತ್ತಿಯಲ್ಲಿತ್ತು. "ನಿಮ್ಮದು ಯಾವಾಗ್ರೀ ಅಣ್ಣಾ?" ಎಂದು ಕೇಳಿದಾಗಲೆಲ್ಲ ಒಂದೇ ಉತ್ತರ: "ಪಂಗತಿನಾಗ ಮನಿಯಾವ್ರು ಮೊದಲ ಕೂಡತಾರೇನೋ? ಬಂದಾವ್ರ ಉಣ್ಣಲಿ. ಕಡೀಕ ನಮ್ದು." ನಮ್ಮ ಕಡೆಯ ಮರ್ಯಾದೆ ಅದು. ದೂರ ದೇಶದಲ್ಲಿ ಕೂತು ಪಟ್ಟಿ ಮಾಡುವವರಿಗೆ ಅದರ ಗಂಧಗಾಳಿ ಇರಲಿಲ್ಲ.

ಇನ್ನೊಂದು ವಿಷಯ ಹೇಳಬೇಕು. ತಿದ್ದಿದ ಪ್ಯಾಕೇಜನ್ನು ಯಾರು ಬೇಕಾದರೂ ಸಿಸ್ಟಮಿಗೆ ಸೇರಿಸುವಂತಿಲ್ಲ. ಆ ಹಕ್ಕು ಪಡೆದವರು ಪರೀಕ್ಷಿಸಿ ಸೇರಿಸಬೇಕು. ನನ್ನ ಕೆಲಸ ನೋಡಿ ನನಗೆ ಆ ಹಕ್ಕು ಕೊಟ್ಟರು. ಆ ಕೆಲಸದಲ್ಲಿ ಅರ್ಧ ಮನ್ಮಥಣ್ಣನವರ ಕಿವಿಯದು. "ನೀವೂ ಅರ್ಜಿ ಹಾಕ್ರಿ" ಅಂದೆ. "ನೀ ಅದಿಯಲ್ಲ, ಸಾಕು" ಅಂದರು.

ಆಮೇಲೆ ಆ ಪತ್ರ ಬಂತು. ನಾನು ತಿದ್ದಿ ಸೇರಿಸಿದ್ದ ಒಂದು ಪ್ಯಾಕೇಜಿನಲ್ಲಿ ಭಾಗಾಕಾರ ತಪ್ಪುತ್ತಿತ್ತು. ಏಳನ್ನು ಎರಡರಿಂದ ಭಾಗಿಸಿದರೆ ಹಳೆಯ ಆವೃತ್ತಿ ಮೂರು ಅನ್ನುತ್ತದೆ, ಹೊಸದು ಮೂರೂವರೆ ಅನ್ನುತ್ತದೆ. ನಾನು ಗಮನಿಸಿರಲಿಲ್ಲ. ಮನ್ಮಥಣ್ಣ ಅದನ್ನು ನನಗೆ ಫೋನಿನಲ್ಲಿ ಹೇಳಬಹುದಿತ್ತು. ಹೇಳಲಿಲ್ಲ, ಜಗತ್ತಿನ ಅಷ್ಟೂ ಸ್ವಯಂಸೇವಕರು ಓದುವ ಇ-ಮೇಲ್ ಪೆಟ್ಟಿಗೆಗೆ ಬರೆದರು: ಇದನ್ನು ತಿದ್ದಿದವರು ಓಡಿಸಿ ನೋಡಿಲ್ಲ, ಬರೀ ಕಣ್ಣಾಡಿಸಿದ್ದಾರೆ. ಅವರ ರೀತಿಯೇ ಹಾಗೆ, ತಪ್ಪು ಯಾರದೆಂದು ನೋಡುತ್ತಿರಲಿಲ್ಲ. ಯಾರೋ ಒಬ್ಬ ಕೆಳಗೆ ನಗುವ ಮುಖ ಹಾಕಿದ್ದ. ಬರೆದದ್ದು ನೂರಕ್ಕೆ ನೂರು ಖರೆ, ಅದಕ್ಕೇ ನನಗೆ ಮೈಯೆಲ್ಲ ಉರಿಯಿತು.

ಅದೇ ವಾರ ನೀಲವ್ವ ಬಂತು. ಬೇರೆಯವರದೆಲ್ಲ ಮುಗಿಸಿ, ಕಡೆಗೆ ತಮ್ಮದನ್ನು ಮೂರನೆಯ ಆವೃತ್ತಿಗೆ ತಂದು ನನಗೆ ಕಳಿಸಿದ್ದರು. ಆ ಬಿಡುಗಡೆಗೆ ಪ್ಯಾಕೇಜು ಸೇರಿಸುವ ಬಾಗಿಲು ಮುಚ್ಚಲು ಇನ್ನೂ ಮೂರು ವಾರ ಇತ್ತು. ನನ್ನ ಕೆಲಸ ಒಂದು ತಾಸಿನದು.

ಒಂದು ವಾರದ ಮೇಲೆ ಫೋನ್ ಮಾಡಿದರು. "ನೋಡಿದೇನ್ ತಮ್ಮಾ?" "ಪರೀಕ್ಷಾ ಡ್ಯೂಟಿ ಅದರೀ ಅಣ್ಣಾ." ಎರಡನೆಯ ವಾರ ಮತ್ತೆ. "ಈ ಐತವಾರ ಹಾಕ್ತೀನ್ರೀ." ಆ ಭಾನುವಾರ ನಾನು ಮಧ್ಯಾಹ್ನವೆಲ್ಲ ಮಲಗಿದ್ದೆ. ಒಂದಿಷ್ಟು ಕಾಯಲಿ, ನನ್ನ ಬೆಲೆ ಗೊತ್ತಾಗಲಿ ಅಂತ ಒಳಗೊಳಗೇ ಸುಖ ಪಡುತ್ತಿದ್ದೆ. ಥೂ! ಮೂರನೆಯ ಸಲ ಮಾಡಿದಾಗ ಅವರು ನೀಲವ್ವನ ಮಾತನ್ನೇ ಎತ್ತಲಿಲ್ಲ. "ಆರಾಮ ಇದ್ದಿ ಹೌದಲ್ಲೋ?" ಎಂದು ಕೇಳಿ ಇಟ್ಟರು. ಕಡೆಯ ದಿನ ಸೇರಿಸಿದರಾಯಿತು ಅಂದುಕೊಂಡಿದ್ದೆ. ಕಡೆಯ ದಿನ ಯಾವುದೆಂದು ಲೆಕ್ಕ ತಪ್ಪಿದೆ. ನೋಡಿದಾಗ ಬಾಗಿಲು ಮುಚ್ಚಿ ಒಂದು ದಿನ ಆಗಿತ್ತು. ಕಿತ್ತುಹಾಕಿದ ಪ್ಯಾಕೇಜುಗಳ ಪಟ್ಟಿಯಲ್ಲಿ ನೀಲವ್ವನ ಹೆಸರು ಇತ್ತು. ಪಟ್ಟಿ ಮಾಡುವವರಿಗೆ ಕೈಮುಗಿದು ಬರೆದೆ. ಮುಂದಿನ ಬಿಡುಗಡೆಗೆ ತನ್ನಿ ಎಂದು ಒಂದು ಸಾಲಿನ ಉತ್ತರ ಬಂತು. ಮುಂದಿನ ಬಿಡುಗಡೆ ಅಂದರೆ ಎರಡು ವರ್ಷ.

ಆ ಬೇಸಿಗೆಯಲ್ಲಿ ಉದಗೀರದ ಕಾಲೇಜು ಎಲ್ಲ ಯಂತ್ರಗಳಿಗೂ ಹೊಸ ಬಿಡುಗಡೆ ಹಾಕಿಸಿತು. ಹಾಕಲು ಬಂದ ಗುತ್ತಿಗೆದಾರ, ಸಿಸ್ಟಮಿನ ಪಟ್ಟಿಯಲ್ಲಿ ಇಲ್ಲದ ಏನನ್ನೂ ಆಫೀಸಿನ ಯಂತ್ರದಲ್ಲಿ ಇಡುವಂತಿಲ್ಲ ಎಂದು ನೀಲವ್ವನನ್ನೂ ತೆಗೆದು ಬೀಗ ಹಾಕಿದ. "ನಾನ ಬರದದ್ದರೀ ಅದು" ಅಂದರಂತೆ ಮನ್ಮಥಣ್ಣ. "ಯಾರು ಬರೆದರೇನು, ಪಟ್ಟಿಯಲ್ಲಿ ಇದೆಯೇನು?" ಅಂದನಂತೆ. ಮರಾಠಿ ಪತ್ರ ಬಂದರೆ ಯಂತ್ರ ಮೂಕವಾಗಿ ಕೂರುತ್ತಿತ್ತು. ಗುಮಾಸ್ತನಿಗೆ ಬಿಡುವಾದಾಗ ಬಂದು ಓದಿ ಹೇಳಬೇಕು. ಅವನಿಗೆ ಬಿಡುವು ಆಗುತ್ತಿರಲಿಲ್ಲ. ಪತ್ರಗಳು ಬಿದ್ದುಕೊಂಡವು. ವರ್ಷ ತುಂಬಿದಾಗ ಗುತ್ತಿಗೆ ಮುಂದುವರಿಸಲಿಲ್ಲ. ಓದಲು ಇನ್ನೊಬ್ಬರ ನೆರವು ಬೇಕಾಗುತ್ತಿದೆ ಎಂದು ಕಾರಣ ಬರೆದಿದ್ದರು. ಆ ಕಾಗದವನ್ನೂ ಆ ಗುಮಾಸ್ತನೇ ಓದಿ ಹೇಳಿದನಂತೆ.

ನನಗೆ ಅವರು ಒಂದು ಮಾತೂ ಅನ್ನಲಿಲ್ಲ, ಫೋನೂ ಮಾಡಲಿಲ್ಲ. ಮಾಡುವ ಧೈರ್ಯ ನನಗಿರಲಿಲ್ಲ.

ಎರಡು ವರ್ಷದ ಮೇಲೆ, ಬಾಗಿಲು ತೆರೆದ ದಿನವೇ ನೀಲವ್ವನನ್ನು ಸೇರಿಸಿ, ಬಸ್ಸು ಹತ್ತಿ ನಿಲಂಗಾಕ್ಕೆ ಹೋದೆ. ಅಂಗಡಿಯಲ್ಲಿ ಅವರ ಒಡಹುಟ್ಟಿದ ತಮ್ಮ ಗಿರಾಕಿಗಳ ಜೊತೆ ಗಡಿಬಿಡಿಯಲ್ಲಿದ್ದರು. ಮನ್ಮಥಣ್ಣ ಹಿಂದೆ, ಬೇಳೆಯ ಚೀಲಗಳ ನಡುವೆ ಕುರ್ಚಿ ಹಾಕಿಕೊಂಡು ಸುಮ್ಮನೆ ಕೂತಿದ್ದರು. ಹತ್ತಿರ ಕಂಪ್ಯೂಟರು ಇರಲಿಲ್ಲ.

"ಅಣ್ಣಾ, ನೀಲವ್ವ ಮತ್ತ ಪಟ್ಟಿನಾಗ ಬಂದದರೀ. ಈಗ ಕಾಲೇಜಿನಾವ್ರಿಗಿ ಕೇಳಬಹುದು."

"ಆ ಜಾಗಾಕ ಬ್ಯಾರೆಯಾವ್ರು ಬಂದಾರ. ಕುಂದ್ರು. ಚಹಾ ಹೇಳ್ತೀನಿ."

ಚಹಾ ಬಂತು. ಲೋಟ ಕೆಳಗಿಟ್ಟು ಹೇಳಿದೆ: "ಅವಾಗ ಪರೀಕ್ಷಾ ಡ್ಯೂಟಿ ಇರಲಿಲ್ಲರೀ ಅಣ್ಣಾ. ನಿಮ್ಮ ಮ್ಯಾಲಿನ ಸಿಟ್ಟಿಗಿ ಇಟ್ಟಕೊಂಡು ಕುಂತಿದ್ದೆ."

"ಗೊತ್ತದ."

"ಗೊತ್ತಿದ್ದೂ ಯಾಕ ಬೈಲಿಲ್ರೀ?"

"ಬೈದಿದ್ರ ಹಾಕತಿದ್ದಿ. ಹಂಗ ಹಾಕಸ್ಕೊಳ್ಳಾದು ನನಗ ಬ್ಯಾಡಾಗಿತ್ತು."

ಅತ್ತುಬಿಟ್ಟೆ. ಅವರು ಸಮಾಧಾನ ಮಾಡಲಿಲ್ಲ. ನನ್ನ ಅಳು ಮುಗಿಯುವ ತನಕ ಕಾದು ಹೇಳಿದರು: "ಒಂದು ಕೆಲಸ ಮಾಡು. ನೀಲವ್ವನ ಮ್ಯಾಲ ಸಂಭಾಳಸಾಂವ ಅಂತ ನನ್ನ ಹೆಸರ ಅದಲ್ಲ, ಅದು ತೆಗಿ. ನಿಂದ ಹಾಕು."

"ಯಾಕ್ರೀ ಅಣ್ಣಾ? ಅದು ನಿಮ್ಮದು."

"ನಿನ್ನ ಹೆಸರ ಇದ್ರ ತಡಾ ಆಗಂಗಿಲ್ಲ."

ಸಿಟ್ಟಿನಿಂದ ಅನ್ನಲಿಲ್ಲ. ಎಷ್ಟೋ ಪ್ಯಾಕೇಜುಗಳ ತಪ್ಪು ಹುಡುಕಿ ಕೊಟ್ಟ ಅದೇ ದನಿಯಲ್ಲಿ ಅಂದರು. ಮುಂದೆ ಎರಡು ಸಲ ಹೋದಾಗ ಮಲಗಿದ್ದಾರೆ ಎಂದು ಮನೆಯವರು ಹೇಳಿ ಕಳಿಸಿದರು. ಅಂಗಡಿಯ ಆ ಭೇಟಿಯೇ ಕಡೆಯದಾಯಿತು.

ಉಮರ್ಗಾಕ್ಕೆ ಬಂದು ಅವರು ಹೇಳಿದಂತೆ ಮಾಡಿದೆ. ಈಗ ನೀಲವ್ವನ ಮೇಲೆ ನನ್ನ ಹೆಸರಿದೆ. ಅಲ್ಲಿಂದೀಚೆಗೆ ಇನ್ನೊಂದು ಬಿಡುಗಡೆ ಬಂತು. ನನ್ನ ಕೈಯಲ್ಲಿರುವ ಪ್ಯಾಕೇಜುಗಳಲ್ಲಿ ಎಲ್ಲಕ್ಕಿಂತ ಮೊದಲು ಸಿದ್ಧವಾದದ್ದು ಅದೇ.