ರೀಲಿನ ಬಣ್ಣದ ಚಿಕ್ಕಬೈರಪ್ಪನವರು
ಕೆಂಪಾಪುರದ ಚಿಕ್ಕಬೈರಪ್ಪನವರು ತಮ್ಮ ಹೊಲದಲ್ಲೆಲ್ಲ ಅಪಾರ್ಟ್‌ಮೆಂಟು ಎಬ್ಬಿಸಿದರೂ ಹಳೆಯ ರೀಲ್ ಕ್ಯಾಮೆರಾವನ್ನು ಮಾತ್ರ ಕೊರಳಿನಿಂದ ಇಳಿಸಿದವರಲ್ಲ. ನಾಮಕರಣವಿರಲಿ, ಗೃಹಪ್ರವೇಶವಿರಲಿ, ಸೆಲ್ಫಿಗೆಂದು ಮೊಬೈಲ್ ಎತ್ತಿದವರನ್ನೆಲ್ಲ ಪಕ್ಕಕ್ಕೆ ಸರಿಸಿ, "ಅದ್ರಲ್ಲಿ ಸುಣ್ಣ ಒಡ್ದ ಗೋಡೆ ತರ ಕಾಣ್ತೀರ ಕಣ್ರೋ! ನಮ್ ರೀಲಲ್ಲಿ ನೋಡ್ರೋ, ಒಂದೊಂದ್ ಮುಖಾನೂ ಮಾಗಿದ ಮಾವಿನಣ್ಣು!" ಎಂದು ಕುಣಿದಾಡುವರು. ಸ್ಟುಡಿಯೋದವರು ರೀಲು ತೊಳೆದು ಫೋಟೋ ಮಾಡಿಕೊಡುವವರೆಗೆ ಅವರಿಗೆ ಊಟವೇ ಸೇರದು. ಬಂದಮೇಲೆ ಫೋಟೋಗಳನ್ನು ಬೀದಿಗೆಲ್ಲ ತೋರಿಸದೆ ಮನೆಗೆ ಮರಳರು. "ಏನ್ರೀ ಇದು, ನನ್ ಅಸಿರು ಸೀರೆ ಅರಿಶಿನದ ಬಣ್ಣ ಆಗ್ಬುಟ್ಟೈತೆ!" ಎಂದು ಹೆಂಡತಿ ವೆಂಕಟಲಕ್ಷ್ಮಮ್ಮ ರೇಗಿದರಂತೂ ಇನ್ನಷ್ಟು ಹಿಗ್ಗುವರು. ಮದುವೆಯ ದಿನ ನಾಚಿಕೆಯಿಂದ ತಲೆಯೆತ್ತದೆ ಕೂತಿದ್ದ ಚಿಕ್ಕಬೈರಪ್ಪನವರು ಆಕೆಯ ಮುಖವನ್ನು ಮೊದಲ ಸಲ ಕಣ್ತುಂಬ ಕಂಡದ್ದು, ಸ್ಟುಡಿಯೋದಿಂದ ಬಂದ ಅಂಥದ್ದೇ ಹೊಂಬಣ್ಣದ ಫೋಟೋದಲ್ಲಿ.